ಇನ್ನೂರು ಗಿನಿ, ಒಂದು ಫಾರ್ದಿಂಗ್: ಚಿತ್ರಕ್ಕೆ ಬೆಲೆ ಕಟ್ಟುವವರು ಯಾರು?

(ಕೂಟದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಮಾರಂಭದಲ್ಲಿ ವೈದ್ಯರನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಹೋಳಿಗೆಯ ಮೇಲಿನ ತುಪ್ಪ ಇವುಗಳ ವಿಚಾರ ಎತ್ತಿಯೇ ಎತ್ತುತ್ತಾರೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಊಟಕ್ಕೆ ಮುಂಚೆ ಆ ಪಾಪದ ಕೆಲಸಕ್ಕೆ ನಾವು ಕೈಹಾಕುವುದಿಲ್ಲ. ಇವತ್ತು ನಾವು ಹೇಳಹೊರಟಿರುವುದು ಒಂದು ಚಿತ್ರದ ಕಥೆ. ಆ ಚಿತ್ರ ಎಲ್ಲೋ ಪ್ಯಾರಿಸ್ಸಿನಲ್ಲಿಲ್ಲ. ನಮ್ಮ ಡೆಟ್ರಾಯ್ಟಿನಲ್ಲೇ, ವುಡ್‌ವರ್ಡ್ ರಸ್ತೆಯ ಮೇಲಿರುವ ಡೆಟ್ರಾಯ್ಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಸಂಗ್ರಹಾಲಯದಲ್ಲಿದೆ. ನಮ್ಮಲ್ಲಿ ಅನೇಕರು ಊರಿನಿಂದ ಬಂದ ಅತ್ತೆ ಮಾವಂದಿರಿಗೆ ನಯಾಗರ ತೋರಿಸಿರುತ್ತೇವೆ, ಚಿಕಾಗೋ ತೋರಿಸಿರುತ್ತೇವೆ. ಮನೆಯಿಂದ ಅರ್ಧ ಗಂಟೆ ದೂರದ ಈ ಕಟ್ಟಡದ ಮುಂದೆ ಎಷ್ಟೋ ಸಲ ಕಾರಿನಲ್ಲಿ ಹಾದುಹೋಗಿರುತ್ತೇವೆ, ಅಷ್ಟೇ.

ಚಿತ್ರ ದೊಡ್ಡದೇನಲ್ಲ. ಎತ್ತರ ಸುಮಾರು ಎರಡು ಅಡಿ, ಅಗಲ ಒಂದೂವರೆ ಅಡಿ. ಕತ್ತಲೆ, ಹೊಗೆ, ನೀರಿನಂತೆ ಕಾಣುವ ಒಂದು ಮಬ್ಬು, ಆ ಕತ್ತಲೆಯಲ್ಲಿ ಕೆಳಗಿಳಿಯುತ್ತಿರುವ ಚಿನ್ನದ ಬಣ್ಣದ ಕಿಡಿಗಳು. ಲಂಡನ್ನಿನ ಕ್ರೆಮೋರ್ನ್ ಉದ್ಯಾನದಲ್ಲಿ ಬಾಣಬಿರುಸು ಬಿಟ್ಟ ರಾತ್ರಿಯ ದೃಶ್ಯ. ದೀಪಾವಳಿಯ ಮಾರನೇ ಬೆಳಿಗ್ಗೆ ಅಂಗಳದಲ್ಲಿ ಉಳಿಯುವ ಹೊಗೆಯ ವಾಸನೆ ಗೊತ್ತಿರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1875ರ ಹೊತ್ತಿಗೆ ಇದನ್ನು ಬರೆದವನು ಜೇಮ್ಸ್ ವಿಸ್ಲರ್. ಹುಟ್ಟಿದ್ದು 1834ರಲ್ಲಿ, ಮ್ಯಾಸಚೂಸೆಟ್ಸಿನ ಲೋವೆಲ್ ಪಟ್ಟಣದಲ್ಲಿ. ನೆಲೆಸಿದ್ದು ಲಂಡನ್ನಿನಲ್ಲಿ. ಅಂದರೆ ಅವನೂ ನಮ್ಮ ಹಾಗೆಯೇ ಹುಟ್ಟೂರು ಬಿಟ್ಟವನು. ದಿಕ್ಕು ಮಾತ್ರ ಬೇರೆ.

1877ರಲ್ಲಿ ಲಂಡನ್ನಿನ ಗ್ರೋವ್‌ನರ್ ಗ್ಯಾಲರಿಯಲ್ಲಿ ಈ ಚಿತ್ರವನ್ನು ಪ್ರದರ್ಶನಕ್ಕಿಟ್ಟರು. ಬೆಲೆ 200 ಗಿನಿ. ಆ ಕಾಲದ ಅತ್ಯಂತ ಪ್ರಭಾವಿ ಕಲಾವಿಮರ್ಶಕ ಜಾನ್ ರಸ್ಕಿನ್ ಅದನ್ನು ನೋಡಿ ಕೆಂಡವಾದ. ಜನರ ಮುಖಕ್ಕೆ ಒಂದು ಕುಡಿಕೆ ಬಣ್ಣ ಎರಚಿ ಅದಕ್ಕೆ ಇನ್ನೂರು ಗಿನಿ ಕೇಳುತ್ತಿದ್ದಾನೆ ಎಂಬರ್ಥದ ಮಾತನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಹಾಕಿಸಿದ. ವಿಸ್ಲರ್ ಸುಮ್ಮನಿರುವ ಆಸಾಮಿಯಲ್ಲ. ಮಾನನಷ್ಟವಾಯಿತೆಂದು 1000 ಪೌಂಡ್ ಪರಿಹಾರ ಕೇಳಿ ದಾವೆ ಹೂಡಿದ.

ಇಲ್ಲಿ ಒಂದು ಮಾತು. ರಸ್ಕಿನ್ನನನ್ನು ಈ ಕಥೆಯ ಖಳನಾಯಕ ಮಾಡಿಬಿಡುವುದು ಸುಲಭ. ಆದರೆ ಇವನೇ 'ಅನ್‌ಟು ದಿಸ್ ಲಾಸ್ಟ್' ಬರೆದವನು. 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಗಾಂಧೀಜಿಯವರು ಓದಿ, ಬದುಕಿನ ದಾರಿಯನ್ನೇ ಬದಲಿಸಿಕೊಂಡು, ಮುಂದೆ 'ಸರ್ವೋದಯ' ಎಂಬ ಹೆಸರಿನಲ್ಲಿ ಗುಜರಾತಿಗೆ ತಂದರಲ್ಲ, ಅದೇ ಪುಸ್ತಕ. ಕೂಲಿಯವನ ದುಡಿಮೆಗೆ ಸಂತೆಯ ಪೈಪೋಟಿ ಬೆಲೆ ಕಟ್ಟಬಾರದು, ನ್ಯಾಯ ಕಟ್ಟಬೇಕು ಎಂದು ವಾದಿಸಿದವನು. ಅವನ ಕಣ್ಣಿಗೆ ಈ ಚಿತ್ರ ಅರೆಬರೆ ಕೆಲಸ. ಅರೆಬರೆ ಕೆಲಸಕ್ಕೆ ಪೂರ್ತಿ ಬೆಲೆ ಕೇಳುವುದು ಕೊಳ್ಳುವವನಿಗೆ ಮಾಡುವ ಮೋಸ. ಆ ಸಿಟ್ಟಿನ ಹಿಂದೆಯೂ ಒಂದು ನ್ಯಾಯದ ಲೆಕ್ಕವಿತ್ತು.

1878ರ ನವೆಂಬರ್ 25 ಮತ್ತು 26ರಂದು ವಿಚಾರಣೆ ನಡೆಯಿತು. ರಸ್ಕಿನ್ ಅಸ್ವಸ್ಥನಾಗಿದ್ದರಿಂದ ಬರಲಿಲ್ಲ. ಅವನ ಪರವಾಗಿ ನಿಂತವನು ಇಂಗ್ಲೆಂಡಿನ ಅಟಾರ್ನಿ ಜನರಲ್ ಸರ್ ಜಾನ್ ಹೋಕರ್. ಅವನು ವಿಸ್ಲರನನ್ನು ಪಾಟೀಸವಾಲಿಗೆ ಎಳೆದು ಕೇಳಿದ ಪ್ರಶ್ನೆ ತುಂಬ ಸರಳ. ಇಂಥ ಚಿತ್ರ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕಾಯಿತು? ವಿಸ್ಲರ್ ಮುಚ್ಚುಮರೆಯಿಲ್ಲದೆ ಹೇಳಿದ: ಎರಡು ದಿವಸ. ಹಾಗಾದರೆ ಎರಡು ದಿವಸದ ದುಡಿಮೆಗೆ ಇನ್ನೂರು ಗಿನಿಯೋ, ಎಂದು ವಕೀಲ. ಅಲ್ಲ, ಇಡೀ ಜೀವಮಾನದಲ್ಲಿ ಗಳಿಸಿದ ತಿಳಿವಳಿಕೆಗೆ ಕೇಳುತ್ತಿದ್ದೇನೆ, ಎಂದು ಚಿತ್ರಕಾರ.

ಕೋರ್ಟಿನಲ್ಲಿ ಚಪ್ಪಾಳೆ ಬಿತ್ತಂತೆ. ನಾವು ವೈದ್ಯರೂ ತಟ್ಟುತ್ತಿದ್ದೆವು. ಏಕೆಂದರೆ ಈ ಪಾಟೀಸವಾಲು ನಮಗೆ ಹೊಸದಲ್ಲ. 'ಡಾಕ್ಟರು ಹತ್ತು ನಿಮಿಷ ಕೂಡ ಕೋಣೆಯಲ್ಲಿರಲಿಲ್ಲ, ಇಷ್ಟೊಂದು ಬಿಲ್ಲೇ?' ಎಂದು ಇದೇ ಸಭೆಯಲ್ಲಿರುವ ಆತ್ಮೀಯರೇ ನಮ್ಮನ್ನು ಕೇಳಿದ್ದಾರೆ. ಹತ್ತು ನಿಮಿಷದ ಹಿಂದೆ ಎಂಬಿಬಿಎಸ್ಸಿನ ಐದೂವರೆ ವರ್ಷವಿದೆ, ಇಲ್ಲಿ ಬಂದು ಮತ್ತೆ ಪರೀಕ್ಷೆ ಬರೆದದ್ದಿದೆ, ರೆಸಿಡೆನ್ಸಿಯ ನಿದ್ದೆಗೆಟ್ಟ ರಾತ್ರಿಗಳಿವೆ ಎಂದು ನಾವು ಹೇಳಿಕೊಳ್ಳುತ್ತೇವೆ. ಹೇಳಿಕೊಂಡರೆ ನಮ್ಮ ಮಾತು ನಡೆಯುತ್ತದೆ ಕೂಡ. ಈ ದೇಶದ ಮೆಡಿಕೇರ್ 1992ರಿಂದ ವೈದ್ಯರ ಒಂದೊಂದು ಕೆಲಸಕ್ಕೂ ಅಂಕ ಹಾಕಿ ಹಣ ಕೊಡುತ್ತಿದೆ. ಆ ಅಂಕದಲ್ಲಿ ಹಿಡಿಯುವುದು ಬರೀ ಸಮಯವನ್ನಲ್ಲ. ಕೈಚಳಕ, ಬುದ್ಧಿಶ್ರಮ, ರೋಗಿಯ ಪ್ರಾಣದ ಹೊಣೆ ಹೊತ್ತ ಒತ್ತಡ ಎಲ್ಲಕ್ಕೂ ಲೆಕ್ಕವಿದೆ. ನಮ್ಮ ಬೆನ್ನಿಗೆ ಸಮಿತಿಗಳಿವೆ, ಸಂಘಗಳಿವೆ, ಕಾನೂನಿದೆ. ವಿಸ್ಲರನ ಬೆನ್ನಿಗೆ ಏನಿತ್ತು? ಅವನ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್‌ನಂಥ ಹೆಸರಾಂತ ಚಿತ್ರಕಾರನೇ ಇದ್ದ. 'ಪೂರ್ತಿಗೊಂಡ' ಚಿತ್ರ ಹೇಗಿರುತ್ತದೆಂದು ತೋರಿಸಲು ಇಟಲಿಯ ಟಿಷಿಯನ್ನನದೆನ್ನಲಾದ ಒಂದು ಹಳೆಯ ಚಿತ್ರವನ್ನು ಕೋರ್ಟಿಗೆ ಹೊತ್ತು ತಂದರು. ಮುನ್ನೂರು ವರ್ಷ ಹಳೆಯ ತಕ್ಕಡಿಯಲ್ಲಿ ನಿನ್ನೆ ಬರೆದದ್ದನ್ನು ತೂಗುವ ಕೆಲಸ.

ತೀರ್ಪು ವಿಸ್ಲರನ ಪರವಾಗಿಯೇ ಬಂತು. ಹೌದು, ಮಾನನಷ್ಟವಾಗಿದೆ. ಪರಿಹಾರ? ಒಂದು ಫಾರ್ದಿಂಗ್. ಅಂದರೆ ಪೆನ್ನಿಯ ಕಾಲು ಭಾಗ, ಇಂಗ್ಲೆಂಡಿನ ಅತಿ ಚಿಕ್ಕ ನಾಣ್ಯಗಳಲ್ಲೊಂದು. ಮಕ್ಕಳು ಬೇಕಾದರೆ ಲೆಕ್ಕ ಹಾಕಿ ನೋಡಲಿ: 200 ಗಿನಿ ಎಂದರೆ 210 ಪೌಂಡ್, ಒಂದು ಪೌಂಡಿಗೆ 960 ಫಾರ್ದಿಂಗ್. ಎರಡು ಲಕ್ಷದ ಚಿಲ್ಲರೆ ಫಾರ್ದಿಂಗ್ ಕೇಳಿದ ಚಿತ್ರದ ಮರ್ಯಾದೆಗೆ ಕೋರ್ಟು ಕೊಟ್ಟದ್ದು ಒಂದು. ಕೋರ್ಟಿನ ಖರ್ಚನ್ನೂ ಕೊಡಿಸಲಿಲ್ಲ. ರಸ್ಕಿನ್ನನ ಖರ್ಚನ್ನು ಅಭಿಮಾನಿಗಳು ಚಂದಾ ಎತ್ತಿ ತೀರಿಸಿದರು. ವಿಸ್ಲರ್ 1879ರಲ್ಲಿ ದಿವಾಳಿಯೆದ್ದ. ಆಸೆಪಟ್ಟು ಕಟ್ಟಿಸಿಕೊಂಡಿದ್ದ ಮನೆ ಮಾರಾಟವಾಯಿತು. ತಾಮ್ರದ ತಗಡಿನ ಮೇಲೆ ಹನ್ನೆರಡು ಚಿತ್ರ ಕೊರೆದುಕೊಡುವ ಒಪ್ಪಂದ ಮಾಡಿಕೊಂಡು ವೆನಿಸ್ಸಿಗೆ ಹೋದ.

ಅದೇ ಚಿತ್ರವನ್ನು 1892ರಲ್ಲಿ ಸ್ಯಾಮ್ಯುಯೆಲ್ ಅಂಟರ್‌ಮಯರ್ ಎಂಬ ಅಮೆರಿಕದ ವಕೀಲ 800 ಗಿನಿ ಕೊಟ್ಟು ಕೊಂಡ. ಬಣ್ಣ ಅದೇ, ಹೊಗೆ ಅದೇ, ಎರಡು ದಿನದ ದುಡಿಮೆಯೂ ಅದೇ. ನೋಡುವ ಜನ ಬದಲಾಗಿದ್ದರು. 1946ರಲ್ಲಿ ಡೆಕ್ಸ್ಟರ್ ಫೆರಿ ಎಂಬ ದಾನಿ ಅದನ್ನು ನಮ್ಮ ಸಂಗ್ರಹಾಲಯಕ್ಕೆ ಕೊಡುಗೆಯಾಗಿ ಕೊಟ್ಟ.

ಈ ಸಂಗ್ರಹಾಲಯದಲ್ಲಿ ನಿಂತು ನೋಡಿದರೆ ಸಮಾಜ ಬೆಲೆ ಕಟ್ಟುವ ವಿಚಿತ್ರಗಳು ಗೋಡೆಗೊಂದರಂತೆ ಸಿಗುತ್ತವೆ. ಒಂದು ಕಡೆ ವಾನ್ ಗೋ ಎಂಬ ಡಚ್ ಚಿತ್ರಕಾರನ ಸ್ವಂತ ಮುಖಚಿತ್ರವಿದೆ. ಬದುಕಿದ್ದಾಗ ತಮ್ಮನ ಮನಿಯಾರ್ಡರಿನಲ್ಲಿ ಊಟ ಮಾಡಿದವನು. 1922ರಲ್ಲಿ ಡೆಟ್ರಾಯ್ಟ್ ನಗರ ಅದನ್ನು 4,200 ಡಾಲರಿಗೆ ಕೊಂಡಿತು. ಅಮೆರಿಕದ ಸಾರ್ವಜನಿಕ ಸಂಗ್ರಹಾಲಯವೊಂದು ವಾನ್ ಗೋ ಚಿತ್ರ ಕೊಂಡದ್ದು ಅದೇ ಮೊದಲು. ನಡುವಿನ ದೊಡ್ಡ ಹಜಾರದಲ್ಲಿ ಮೆಕ್ಸಿಕೋದ ಡಿಯೇಗೋ ರಿವೇರಾ 1932-33ರಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಫೋರ್ಡ್ ಕಾರ್ಖಾನೆಯ ಕಾರ್ಮಿಕರು, ಕುಲುಮೆ, ಯಂತ್ರ. ಮೇಲೆ ಒಂದು ಮೂಲೆಯಲ್ಲಿ ಮಗುವಿಗೆ ಲಸಿಕೆ ಹಾಕುತ್ತಿರುವ ವೈದ್ಯ, ಪಕ್ಕದಲ್ಲಿ ನರ್ಸ್, ಮುಂದೆ ಕುದುರೆ, ಹಸು, ಕುರಿ. ಏಸುವಿನ ಜನನದ ದೃಶ್ಯವನ್ನು ಅಣಕಿಸಿದ್ದಾನೆಂದು ಪಾದ್ರಿಗಳು ಸಿಟ್ಟಾದರು, ಸುಣ್ಣ ಬಳಿಯಿರಿ ಎಂಬ ಕೂಗೆದ್ದಿತು. ಹಣ ಕೊಟ್ಟಿದ್ದ ಎಡ್ಸೆಲ್ ಫೋರ್ಡ್ ಕದಲಲಿಲ್ಲ. (ಲಸಿಕೆಯೆಂದರೆ ಇವತ್ತಿಗೂ ಕೆಲವರಿಗೆ ಸಿಟ್ಟು ಬರುತ್ತದೆ, ಆ ವಿಷಯ ಬೇಡ.) ರಿವೇರಾನ ಜೊತೆಯಲ್ಲಿ ಬಂದಿದ್ದ ಹೆಂಡತಿ ಫ್ರೀಡಾ ಕಾಲೋ ಇದೇ ಊರಿನಲ್ಲಿ ಗರ್ಭಪಾತವಾಗಿ, ಆಸ್ಪತ್ರೆಯ ಹಾಸಿಗೆಯ ಮೇಲಿನ ಆ ನೋವನ್ನೇ ಒಂದು ತಗಡಿನ ಮೇಲೆ ಬರೆದಳು. ಸ್ಥಳೀಯ ಪತ್ರಿಕೆ ಆಕೆಯ ಬಗ್ಗೆ ಬರೆದಾಗ, ದೊಡ್ಡ ಚಿತ್ರಕಾರರ ಹೆಂಡತಿ ತಾನೂ ಖುಷಿಗೆ ಅಷ್ಟಿಷ್ಟು ಬಣ್ಣ ಬಳಿಯುತ್ತಾಳೆ ಎಂಬ ಧಾಟಿಯ ತಲೆಬರಹ ಕೊಟ್ಟಿತು. 2021ರಲ್ಲಿ ಆಕೆಯ ಒಂದು ಚಿತ್ರ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 3.49 ಕೋಟಿ ಡಾಲರಿಗೆ ಹೋಯಿತು. ಗಂಡನ ಯಾವ ಚಿತ್ರಕ್ಕೂ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ.

ಇನ್ನು 2013ರ ಸಂಗತಿ. ಆಗ ಇಲ್ಲಿದ್ದವರಿಗೆ ಮರೆಯಲು ಸಾಧ್ಯವಿಲ್ಲ. ಜುಲೈ 18ರಂದು ಡೆಟ್ರಾಯ್ಟ್ ನಗರ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1,800 ಕೋಟಿ ಡಾಲರ್. ಸಾಲಿಗರ ಕಣ್ಣು ಚಿತ್ರಗಳ ಮೇಲೆ ಬಿತ್ತು, ಏಕೆಂದರೆ ಸಂಗ್ರಹಾಲಯ ನಗರದ ಆಸ್ತಿ. ಕ್ರಿಸ್ಟೀಸ್ ಹರಾಜು ಸಂಸ್ಥೆಯವರು ಬಂದು, ನಗರದ ಹಣದಿಂದ ಕೊಂಡ ಸುಮಾರು 2,800 ಕೃತಿಗಳಿಗೆ ಬೆಲೆ ಕಟ್ಟಿದರು: 45 ಕೋಟಿಯಿಂದ 87 ಕೋಟಿ ಡಾಲರ್ ತನಕ. 4,200 ಡಾಲರಿನ ವಾನ್ ಗೋ ಮುಖಕ್ಕೆ 8 ಕೋಟಿಯಿಂದ 15 ಕೋಟಿ. ವಿಸ್ಲರನ ಬಾಣಬಿರುಸು ದಾನವಾಗಿ ಬಂದದ್ದರಿಂದ ಆ ಪಟ್ಟಿಗೆ ಸೇರಲಿಲ್ಲ.

ಆ ದಿನಗಳಲ್ಲಿ ನಗರದ ನಿವೃತ್ತ ನೌಕರರು ನಮ್ಮ ಬಳಿಗೆ ಬರುತ್ತಿದ್ದರು. ಬಸ್ ಓಡಿಸಿದವರು, ನೀರಿನ ಕೊಳವೆ ರಿಪೇರಿ ಮಾಡಿದವರು. ರಕ್ತದೊತ್ತಡದ ಪಟ್ಟಿ ತೋಳಿಗೆ ಕಟ್ಟುವಾಗ ಅವರ ಬಾಯಿಂದ ನಾವು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಗೋಡೆಯ ಮೇಲಿನ ಒಂದು ಚಿತ್ರ ಮಾರಿದರೆ ನಮ್ಮ ಪಿಂಚಣಿ ಉಳಿಯುವುದಾದರೆ ಮಾರಲಿ ಬಿಡಿ ಡಾಕ್ಟರೇ, ಅಲ್ಲವೇ? ಇದು ಅರಸಿಕರ ಪ್ರಶ್ನೆ ಎಂದು ಮೂಗು ಮುರಿಯುವವರೊಡನೆ ನಾವಿಲ್ಲ. ಔಷಧಿ ಅರ್ಧ ಮಾತ್ರೆ ಮುರಿದು ನುಂಗುತ್ತಿದ್ದವರ ಎದುರು ಕುಳಿತು ವಾನ್ ಗೋನ ಮಹಿಮೆ ಹೇಳುವ ಧೈರ್ಯ ಯಾರಿಗಿದೆ? ನಮ್ಮ ಗೆಳೆಯರ ಮನೆಗಳಲ್ಲಿ ಶನಿವಾರದ ಊಟದ ಹೊತ್ತಿಗೆ ಇದರ ಮೇಲೆ ಗಂಟಲು ಹರಿಯುವಷ್ಟು ವಾದ ನಡೆದದ್ದು ಇಲ್ಲಿರುವ ಹಲವರಿಗೆ ನೆನಪಿರಬಹುದು.

ಕೊನೆಗೆ ಚಿತ್ರ ಮಾರಲಿಲ್ಲ. ದತ್ತಿಸಂಸ್ಥೆಗಳು, ಮಿಷಿಗನ್ ರಾಜ್ಯ, ಸಂಗ್ರಹಾಲಯದ ದಾನಿಗಳು ಸೇರಿ, ಇಪ್ಪತ್ತು ವರ್ಷಗಳಲ್ಲಿ 80 ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಲು ಒಪ್ಪಿದರು. ಆ ಹಣ ಹೋದದ್ದು ಪಿಂಚಣಿ ನಿಧಿಗೆ. ಬದಲಿಗೆ ಚಿತ್ರಗಳ ಒಡೆತನವನ್ನು ನಗರ ಬಿಟ್ಟುಕೊಟ್ಟಿತು. ಇನ್ನು ಯಾವ ಸಾಲಿಗನೂ ಅವುಗಳನ್ನು ಮುಟ್ಟುವಂತಿಲ್ಲ. 2014ರ ನವೆಂಬರಿನಲ್ಲಿ ನ್ಯಾಯಾಧೀಶರು ಇದನ್ನು ಮಂಜೂರು ಮಾಡಿದರು. ಒಂದು ಚಿತ್ರವನ್ನೂ ಗೋಡೆಯಿಂದ ಇಳಿಸದೆ, ಚಿತ್ರಗಳಿಂದಾಗಿಯೇ ಅಷ್ಟು ಹಣ ಹುಟ್ಟಿತು. ಇದನ್ನು ನಾವು ಒಳ್ಳೆಯ ತೀರ್ಮಾನವೆಂದೇ ಭಾವಿಸುತ್ತೇವೆ. ಆದರೆ ಪೂರ್ತಿ ಲೆಕ್ಕವನ್ನೂ ಹೇಳಬೇಕು. ಸಾಮಾನ್ಯ ನೌಕರರ ಪಿಂಚಣಿಯಲ್ಲಿ ನೂರಕ್ಕೆ ನಾಲ್ಕೂವರೆ ಕಡಿತವಾಯಿತು, ಬೆಲೆಯೇರಿಕೆಗೆ ತಕ್ಕಂತೆ ಸಿಗುತ್ತಿದ್ದ ವರ್ಷಾವಧಿ ಹೆಚ್ಚಳ ನಿಂತೇಹೋಯಿತು, ಆರೋಗ್ಯವಿಮೆಯ ನೆರವೂ ಬಹಳ ಕುಗ್ಗಿತು. ನಾವು? ಓಕ್‌ಲ್ಯಾಂಡ್, ವೇಯ್ನ್, ಮೆಕೋಂಬ್ ಕೌಂಟಿಗಳಲ್ಲಿ ಮನೆ ಮಾಡಿಕೊಂಡಿರುವ ನಾವು 2012ರಿಂದ ಈ ಸಂಗ್ರಹಾಲಯಕ್ಕಾಗಿ ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ಸೇರಿಸಿ ಕೊಡುತ್ತಿದ್ದೇವೆ. ತೆರಿಗೆ ಲೆಕ್ಕದಲ್ಲಿ ಒಂದು ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 20 ಡಾಲರ್. ಒಂದು ಸಲ ಕುಟುಂಬ ಸಮೇತ ದೋಸೆ ತಿಂದರೆ ಅದಕ್ಕಿಂತ ಹೆಚ್ಚಾಗುತ್ತದೆ. ಅದಕ್ಕೆ ಪ್ರತಿಯಾಗಿ ಈ ಮೂರು ಕೌಂಟಿಯವರಿಗೆ ಪ್ರವೇಶ ಉಚಿತ. ಆನ್ ಆರ್ಬರಿನ ಮಿತ್ರರು ಕ್ಷಮಿಸಬೇಕು, ನಿಮಗೆ ಟಿಕೇಟು.

ಹಿಂದೊಂದು ಬೇಸಿಗೆಯಲ್ಲಿ ಧಾರವಾಡದ ಕಡೆಯ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಮಗಳ ಮನೆಗೆ ಬಂದಿದ್ದರು. ಅವರನ್ನು ಕರೆದುಕೊಂಡು ಹೋಗಿ ಈ ಚಿತ್ರದ ಮುಂದೆ ನಿಲ್ಲಿಸಿ, ಫಾರ್ದಿಂಗಿನ ಕಥೆ ಹೇಳಿದೆವು. ಮಾಸ್ತರರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

'ಎಷ್ಟ ದಿವಸ ಹಿಡೀತು ಅಂತ ಕೇಳಿದ್ರಲ್ಲಾ, ಅದನ್ನ ನಮ್ಮೂರಾಗೂ ಕೇಳ್ತಾರ್ರೀ ಡಾಕ್ಟರ ಸಾಹೇಬ್ರ' ಎಂದರು. 'ಅಪ್ಪ ತೀರಿಕೊಂಡಿರ್ತಾನ, ಒಂದು ಛಲೋ ಫೋಟೊ ಇರೂದಿಲ್ಲ. ಯಾವುದೋ ಮದುವಿ ಗ್ರೂಪ್ ಫೋಟೋದಾಗ ಕಡ್ಲಿಕಾಳಿನಷ್ಟು ಮಾರಿ ಇರ್ತದ. ಅದನ್ನ ತಂದು ದೊಡ್ಡದು ಬರದು ಕೊಡ್ರಿ ಅಂತಾರ. ಬರದು ಕೊಟ್ರ ನೋಡಿ ಗಳಗಳ ಅಳ್ತಾರ. ಕಣ್ಣೀರು ಒರಸಿಕೊಂಡು ಕೇಳ್ತಾರ, ಎಷ್ಟು ದಿವಸ ಕುಂತ್ರಿ ಮಾಸ್ತರ? ಮೂರು ದಿವಸ ಅಂದ್ರ, ಗ್ವಾಡಿಗೆ ಬಣ್ಣ ಹಚ್ಚವ್ನ ಮೂರು ದಿವಸದ ಪಗಾರ ಕೈಯಾಗಿಡ್ತಾರ. ಗ್ವಾಡಿಗೆ ಹಚ್ಚವ್ನ ಕೆಲಸ ಹಗುರ ಅಂತ ನಾ ಅನ್ನೂದಿಲ್ಲ. ಆದ್ರ ಅವ್ರು ಅತ್ತಿದ್ದು ಯಾವ ಲೆಕ್ಕದಾಗ ಬಂತ್ರಿ?'

ನಮ್ಮ ಹತ್ತಿರ ಉತ್ತರವಿರಲಿಲ್ಲ. ಅವರು ಅಷ್ಟಕ್ಕೇ ಬಿಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಕೇಳಿದರು: 'ನಿಮ್ಮ ಕೂಟದ ನಾಟಕದ ಪರದೆ ಯಾರು ಬರೀತಾರ್ರೀ? ಅವ್ರಿಗೆ ಏನ್ ಕೊಡ್ತೀರಿ?'

ಒಳ್ಳೆಯ ಪ್ರಶ್ನೆ. ಬೆಲೆ ಕಟ್ಟುವ ಸಮಾಜ ಎಂದಾಗ ನಮಗೆ ಕ್ರಿಸ್ಟೀಸ್ ನೆನಪಾಗುತ್ತದೆ, ಲಂಡನ್ನಿನ ಕೋರ್ಟು ನೆನಪಾಗುತ್ತದೆ. ನಮ್ಮ ಸರ್ಕಾರಗಳೂ ಕಟ್ಟುತ್ತವೆ. ಭಾರತದ 1972ರ ಕಾನೂನಿನ ಅಡಿಯಲ್ಲಿ ಒಂಬತ್ತು ಚಿತ್ರಕಾರರ ಕೃತಿಗಳನ್ನು ರಾಷ್ಟ್ರದ ಕಲಾನಿಧಿಗಳೆಂದು ಘೋಷಿಸಲಾಗಿದೆ. ದೇಶದ ಹೊರಗೆ ಒಯ್ಯುವಂತಿಲ್ಲ. ರವಿವರ್ಮ, ಅವನೀಂದ್ರನಾಥ ಟಾಗೋರ್, ನಂದಲಾಲ್ ಬೋಸ್ ಆ ಪಟ್ಟಿಯಲ್ಲಿದ್ದಾರೆ. ಕಲ್ಕತ್ತೆಯಲ್ಲಿ ಅದೇ ಅವನೀಂದ್ರನಾಥರ ಬಳಿ ನಂದಲಾಲರ ಜೊತೆಯಲ್ಲೇ ಕಲಿತ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ, ಊಟಿ ಮತ್ತು ಕೊಡೈಕೆನಾಲಿನ ಮಂಜನ್ನು ಕಾಗದದ ಮೇಲೆ ಇಳಿಸಿದ ನಮ್ಮ ಕೆ. ವೆಂಕಟಪ್ಪನವರು ಇಲ್ಲ. ಅವರು 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ಮೂರು ವಾರದ ರಜೆಯಲ್ಲಿ ನಾವು ಅದರ ಮುಂದಿನಿಂದಲೇ ಸೀರೆ ಅಂಗಡಿಗೆ ಹೋಗುತ್ತೇವೆ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು 2003ರಿಂದ ನಡೆಸುತ್ತಿರುವ ಚಿತ್ರಸಂತೆಗೆ ಜನವರಿಯಲ್ಲಿ ಊರಿಗೆ ಹೋದವರು ಹೋಗಿರಬಹುದು. ರಸ್ತೆಯುದ್ದಕ್ಕೂ ಚಿತ್ರಕಾರರು ತಾವೇ ಕುಳಿತು ಮಾರುತ್ತಾರೆ. ಅಲ್ಲಿ ನಮ್ಮವರು, ಅದರಲ್ಲೂ ಡಾಲರ್ ಜೇಬಿನವರು, ಚೌಕಾಸಿ ಶುರುಮಾಡುವುದು ಯಾವ ಪ್ರಶ್ನೆಯಿಂದ ಗೊತ್ತೇ? 'ಇದಕ್ಕೆ ಎಷ್ಟು ದಿನ ಹಿಡೀತು?' ಸರ್ ಜಾನ್ ಹೋಕರ್ ಸತ್ತಿಲ್ಲ, ಕುಮಾರಕೃಪಾ ರಸ್ತೆಯಲ್ಲಿ ಓಡಾಡಿಕೊಂಡಿದ್ದಾನೆ.

ಈಗ ಮಾಸ್ತರರ ಪ್ರಶ್ನೆಗೆ ಬರೋಣ. ನಮ್ಮ ಕೂಟದಂಥ ಕೂಟಗಳಲ್ಲಿ ಸಭಾಂಗಣದ ಬಾಡಿಗೆಗೆ ಚೆಕ್ಕು ಕೊಡುತ್ತೇವೆ. ಅಡಿಗೆಯವರಿಗೆ, ಧ್ವನಿವರ್ಧಕದವರಿಗೆ ಚೆಕ್ಕು. ಊರಿನಿಂದ ಬರುವ ಸಿನಿಮಾ ಗಾಯಕರಿಗೆ ಮುಂಗಡವಾಗಿಯೇ ಹೋಗಿರುತ್ತದೆ. ಪರದೆ ಬರೆದವರಿಗೆ, ದ್ವಾರದ ರಂಗೋಲಿ ಹಾಕಿದವರಿಗೆ, ಸಂಚಿಕೆಯ ಮುಖಪುಟದ ಚಿತ್ರ ಕೊಟ್ಟವರಿಗೆ ಒಂದು ಶಾಲು, ಒಂದು ಸ್ಮರಣಿಕೆ, 'ಕಲಾಸೇವೆ' ಎಂಬ ಎರಡು ಮಾತು. ಸೇವೆ ಎಂಬುದು ದೊಡ್ಡ ಪದವೇ. ಆದರೆ ಅಡಿಗೆಯವರ ಬಿಲ್ಲು ಬಂದಾಗ ನಾವು ಅನ್ನಸೇವೆ ಎನ್ನುವುದಿಲ್ಲ. ಶಾಲು ಬೇಡವೆನ್ನುತ್ತಿಲ್ಲ. ಮಿಷಿಗನ್ನಿನ ಚಳಿಗೆ ಅದೂ ಬೇಕು. ಚೆಕ್ಕೂ ಬೇಕು ಎನ್ನುತ್ತಿದ್ದೇವೆ. ಮೊತ್ತ ಎಷ್ಟು ಎಂಬುದನ್ನು ಗಂಟೆ ಎಣಿಸಿ ನಿಗದಿ ಮಾಡುವುದೂ ಬೇಡ, ಬರೆದವರನ್ನೇ ಕೇಳೋಣ. ಅವರು ಸಂಕೋಚಪಟ್ಟು ಏನೂ ಬೇಡವೆಂದರೆ, ನಮ್ಮವರು ಹಾಗೆನ್ನುವುದೇ ಹೆಚ್ಚು, ಎರಡನೇ ಸಲ ಕೇಳೋಣ. ಇಷ್ಟು ವರ್ಷಗಳ ಪರದೆಗಳಲ್ಲಿ ಎಷ್ಟು ಉಳಿದಿವೆ, ಎಷ್ಟು ನಾಟಕದ ಮಾರನೇ ದಿನವೇ ಕಸದ ಡಬ್ಬಿ ಸೇರಿವೆ ಎಂಬುದನ್ನೂ ಸಮಿತಿಯವರು ಒಮ್ಮೆ ನೋಡಬಹುದು. ಉಳಿದವನ್ನು ಇಡಲು ಜಾಗವಿಲ್ಲವೆಂದರೆ ನಮ್ಮ ಮನೆಯ ಬೇಸ್‌ಮೆಂಟ್ ಇದೆ, ಒಣಗಿದೆ, ನೀರು ನುಗ್ಗುವುದಿಲ್ಲ.

ಮುಂದಿನ ವರ್ಷದ ಬಜೆಟ್ಟಿನಲ್ಲಿ 'ಚಿತ್ರಕಾರರ ಸಂಭಾವನೆ' ಎಂದು ಒಂದು ಸಾಲು ಸೇರಿಸಬೇಕೆಂದು ಈ ಸಭೆಯ ಮುಂದೆ ನಾವು ಸೂಚಿಸುತ್ತಿದ್ದೇವೆ. ಅನುಮೋದಿಸುವವರು ಯಾರಾದರೂ ಇದ್ದರೆ ಕೈಯೆತ್ತಬಹುದು. ಖಜಾಂಚಿಗಳು ಎರಡನೇ ಸಾಲಿನಲ್ಲಿ ತಲೆಯಾಡಿಸುತ್ತಿದ್ದಾರೆ. ಹೌದೆಂದೋ ಅಲ್ಲವೆಂದೋ ದೀಪದ ಬೆಳಕಿನಲ್ಲಿ ಇಲ್ಲಿಂದ ಸರಿಯಾಗಿ ಕಾಣುತ್ತಿಲ್ಲ. ಅಡಿಗೆಮನೆಯ ಕಡೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದೆ.